ವಾಲ್ವಿಸ್ ಬೇ, ಮೂರನೇ ಕೋಣೆ

ನೆಲ ಬಸುರಾಗಿದೆ, ಅಂದ ಹಮುಕ್ವಾಯ,
ಇಪ್ಪತ್ತು ವರ್ಷದಿಂದ ಇಲ್ಲೇ ಫೋರ್ಕ್‌ಲಿಫ್ಟ್ ಓಡಿಸುವವ.
ನಾನು ನಗಲಿಲ್ಲ. ಅವನು ಜೇಬಿನಿಂದ
ಮಗಳ ಗಾಜಿನ ಗೋಲಿ ತೆಗೆದು
ಕೋಣೆಯ ನಡುವೆ ಇಟ್ಟ.
ಅದು ತುಸು ಯೋಚಿಸಿ
ಬಾಗಿಲ ಕಡೆಗೆ ಉರುಳಿತು.

ಹೊರಗೆ ಮರಳುಗಾಡು. ಒಳಗೆ
ಸೊನ್ನೆಗಿಂತ ಇಪ್ಪತ್ತೈದು ಕೆಳಗೆ ಹೇಕ್ ಮೀನು,
ಪೆಟ್ಟಿಗೆಯ ಮೇಲೆ ಪೆಟ್ಟಿಗೆ, ಸ್ಪೇನಿನ ಹಡಗಿಗೆ ಕಾದು.
ಎಂದೋ ಯಾರೋ ಲೆಕ್ಕ ಹಾಕಿದ್ದರು:
ಬಿಸಿಲ ಸೀಮೆ ಇದು, ಕೆಳಗೆ ಮತ್ತೇಕೆ ಕಾವು?
ತಗ್ಗಿಗೆ ತುಂಬಿದ್ದು ಬಂದರಿನ ಹೂಳು
ಎಂಬುದು ಆ ಲೆಕ್ಕದಲ್ಲಿರಲಿಲ್ಲ.

ಚಳಿಗೆ ಆತುರವಿಲ್ಲ.
ವರ್ಷಕ್ಕೊಂದು ಗೇಣು ಇಳಿದರೂ ಅದಕ್ಕೆ ಸಾಕು.
ಹೂಳಿನ ಒದ್ದೆ ಹೀರಿ ಹೀರಿ
ಹಿಮದ ಬಿಲ್ಲೆಯೊಂದು ದಪ್ಪಗಾಗುತ್ತ
ಕಾಂಕ್ರೀಟು, ಕಪಾಟು, ನೂರಾರು ಟನ್ ಮೀನು
ಎಲ್ಲವನ್ನೂ ಬೆನ್ನಿಗೇರಿಸಿಕೊಂಡು
ಸದ್ದಿಲ್ಲದೆ ಏಳುತ್ತದೆ.

ಮೂರು ರಾತ್ರಿ ನಕ್ಷೆ ಬರೆದೆ, ಕೆಳಗಿನಿಂದ ಮೇಲಕ್ಕೆ.
ಹೂಳು ತೆಗೆದು ಜಲ್ಲಿ. ಜಲ್ಲಿಯಲ್ಲಿ ಕೊಳವೆಗಳು:
ಕಂಪ್ರೆಸರ್ ಗಾಳಿಗೆ ಚೆಲ್ಲುವ ಬಿಸಿಯನ್ನೇ ತಿರುಗಿಸಿ ತಂದು
ಬಾಣಂತಿಯ ಮಂಚದಡಿ ಅಗ್ಗಿಷ್ಟಿಕೆ ಇಟ್ಟ ಹಾಗೆ.
ಮೀನಿನಿಂದ ಕಿತ್ತ ಕಾವು ಮೀನಿನ ಕಾಲಡಿಗೇ
(ಕಾಲಿದ್ದಿದ್ದರೆ).
ಅದರ ಮೇಲೆ ಆವಿ ನುಸುಳದ ಹಾಳೆ.
ಹಾಳೆ ಫೋಮಿನ ಕೆಳಗೆ, ಬೆಚ್ಚಗಿನ ಕಡೆಗೆ:
ಇದಕ್ಕೆ ಎರಡೆರಡು ಅಡಿಗೆರೆ ಎಳೆದೆ.
ಫೋಮು ಎರಡು ವರಸೆ, ಸಂದಿನ ಮೇಲೆ ಸಂದು ಬೀಳದಂತೆ;
ಚಳಿಗೆ ಇಲಿಯ ಬುದ್ಧಿ.
ಮತ್ತೊಂದು ಹಾಳೆ. ಕಬ್ಬಿಣ. ಕಾಂಕ್ರೀಟು.

ಲೆಕ್ಕಪತ್ರದ ಎಸ್ಟರ್‌ಹೈಜನ್ ಕೊಳವೆಯ ಮೇಲೆ ಬೆರಳಿಟ್ಟರು:
ತಣ್ಣಗಿಡುವ ಕೋಣೆಗೆ ಒಲೆಯ ಖರ್ಚೇ?
ಗೋಲಿ ಕೊಡು ಎಂದೆ. ಹಮುಕ್ವಾಯ ತಲೆಯಾಡಿಸಿದ,
ಮಗಳು ವಾಪಸು ಇಸಕೊಂಡಿದ್ದಳಂತೆ.
ಕ್ಯಾಂಟೀನಿನಲ್ಲಿ ನಿಂಬೆಹಣ್ಣು ಸಿಕ್ಕಿತು.
ದೊಡ್ಡ ಕೋಟು ತೊಟ್ಟ ಎಸ್ಟರ್‌ಹೈಜನ್
ಅದರ ಹಿಂದೆ ಬಾಗಿ ಬಾಗಿ ನಡೆದರು,
ಬಾಗಿಲವರೆಗೂ. ಅಲ್ಲೇ ಸಹಿ.

ಕಾಂಕ್ರೀಟು ಸುರಿದ ಬೆಳಿಗ್ಗೆ ಕಡಲ ಮಂಜು ಕವಿದಿತ್ತು.
ಇಪ್ಪತ್ತೆಂಟು ದಿನ ಹದಕ್ಕೆ ಬಿಟ್ಟೆವು.
ಆಮೇಲೂ ಒಮ್ಮೆಗೇ ತಣಿಸಲಿಲ್ಲ,
ದಿನಕ್ಕೆ ಎರಡು ಡಿಗ್ರಿ, ಸೊನ್ನೆಯ ಹೊಸ್ತಿಲಲ್ಲಿ
ಒಂದಷ್ಟು ದಿನ ನಿಂತು. ಹೊಸ ನೆಲಕ್ಕೂ
ಚಳಿ ರೂಢಿಯಾಗಬೇಕಲ್ಲ.

ನಾಲ್ಕು ವರ್ಷದ ಮೇಲೆ ಹೋಗಿದ್ದೆ.
ಗೋಡೆಯ ಮಾಪಕದಲ್ಲಿ ನೆಲದಡಿಯ ಕಾವು: ಐದು.
ಗೋಲಿ ಇದೆಯಾ, ಅಂತ ಕೇಳಿದೆ.
ಅವಳೀಗ ಗೋಲಿಯಾಡುವುದಿಲ್ಲ, ಅಂದ ಹಮುಕ್ವಾಯ.
ಕೈಗವಸು ಕಳಚಿ, ಮಂಡಿಯೂರಿ,
ಕೋಣೆಯ ನಡುವೆ ಅಂಗೈ ಇಟ್ಟು
ಏನನ್ನೋ ಆಲಿಸುವವನ ಹಾಗೆ ಕೂತಿದ್ದ.
ಏನೂ ಇಲ್ಲ, ಅಂದ.