ಚೀಲ ಇಲ್ಲದ ವರ್ಷಗಳು

ಇದು ನೀರು ಎತ್ತೋ ಬೋರಲ್ಲ, ನೀರು ನೋಡೋ ಬೋರು.
ಇಷ್ಟು ಸಲ ಹೇಳಿದರೂ ಗುಂಡಮ್ಮಾಯಿ
ಕೊಡ ತಂದು ಜಾಲಿ ನೆರಳಾಗ ಕುಂತಾಳ.
ಸೇಡಂ ಬಿಸಿಲು. ಮಾರ್ಚಿಗೇ ನಲವತ್ತೊಂದು.

ನನ್ನ ಕೆಲಸ: ಹತ್ತು ಫೂಟಿಗೊಂದು ಚೀಲ.
ಬೋರಿನ ಬಾಯಿಂದ ಹಾರೋ ಕಲ್ಲಿನ ಚೂರು
ಜರಡಿಯೊಳಗ ಹಿಡಿದು, ತೊಳೆದು, ಒಣಗಿಸಿ,
ಕಟ್ಟಿ ಚೀಟಿ ಬರೆಯೋದು.
ತಿರುಚೆಂಗೋಡಿನ ಹುಡುಗರು ರಾಡು ಇಳಿಸ್ತಾರ.
ಅವರ ಮಾತು ನನಗ ಬರಲ್ಲ, ನಂದು ಅವರಿಗೆ.
ಮಶೀನಿನ ಮಾತು ಇಬ್ಬರಿಗೂ ಬರ್ತದ:
ಸಪ್ಪಳ ಬದಲಾದ್ರ ಕಲ್ಲು ಬದಲಾತು.

ಹತ್ತು ಫೂಟು. ಎರಿ ಮಣ್ಣು.
ಬ್ಯಾಸಗಿಗೆ ಬಾಯಿ ಬಿಟ್ಟು ಮ್ಯಾಲಿನದು ನುಂಗಿ
ಮಳಿಗಾಲಕ್ಕ ತುಟಿ ಕೂಡಿಸಿಕೊಂಡು
ತನ್ನನ್ನ ತಾನೇ ಮಗುಚಿ ಹಾಕೋ ಮಣ್ಣು.
ಚೀಲದಾಗ ಒಂದು ತೊಗರಿ ಬೇರು ಇನ್ನಾ ಹಸಿ.

ಇಪ್ಪತ್ತು. ಗರಸು.
ಮಣ್ಣಾಗಬೇಕಂತ ಹೊರಟ ಕಲ್ಲು
ಅರ್ಧ ದಾರ್ಯಾಗ ಕುಂತದ.

ಮೂವತ್ತಕ್ಕ ಮಶೀನು ಚೀರ್ತದ. ಕರಿಕಲ್ಲು.
ಬೆಟ್ಟದ ಬಾಯಿಂದ ಬಂದದ್ದಲ್ಲ ಸಾಯಬಣ್ಣ,
ನೆಲ ಉದ್ದಕ ಸೀಳಿ, ಕಾದ ಡಾಂಬರಿನಂಗ ಹರದದ್ದು,
ಅಂತಾರ ತಸ್ನೀಮ್ ಮೇಡಂ. ಆರೂವರೆ ಕೋಟಿ ವರ್ಷದ ಹಿಂದ.
ನಾ ಚೀಟಿ ಮ್ಯಾಲ ಬರೀತೀನಿ: ಕಪ್ಪು, ಗಟ್ಟಿ, ಒಣ.

ನಲವತ್ಮೂರಕ್ಕ ಒಮ್ಮಿಗೇ ಮೆತ್ತಗ.
ಕುಂಕುಮದಂಥ ಪುಡಿ, ಮೂರೇ ಫೂಟು.
ಎರಡು ಬೆಂಕಿ ನಡುವಿನ ಪುರಸೊತ್ತು ಅದು:
ಒಂದು ಆರಿತ್ತು, ಮ್ಯಾಲ ಮಳಿ ಬಿದ್ದಿತ್ತು,
ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದು
ಇನ್ನೇನು ಏನರ ಬೆಳೀಬೇಕು,
ಅಷ್ಟರಾಗ ಎರಡನೇದು ಬಂದು ಇಟ್ಟಂಗಿ ಸುಟ್ಟಂಗ ಸುಟ್ಟದ.
ಹೆಬ್ಬೆಟ್ಟಿಗೆ ಹತ್ತಿತು. ಒರಸಿದರೂ ಹೋಗಲಿಲ್ಲ.

ಎಪ್ಪತ್ತರ ಚೀಲ ಕಪ್ಪು.
ಎಂಬತ್ತರ ಚೀಲ ಬೂದಿ ಬಣ್ಣ. ಫರ್ಸಿ.
ನಮ್ಮ ಮನಿ ಹೊಸ್ತಿಲು, ಸಂಡಾಸದ ನೆಲ, ಅಪ್ಪನ ಗೋರಿ,
ಎಲ್ಲಾ ಇದೇ ಕಲ್ಲು.
ಮೀನು ಇನ್ನಾ ಹುಟ್ಟಿರದ ಕಡಲಿನ ತಳ, ಅಂತಾರ ಮೇಡಂ,
ಚಿಪ್ಪಿಲ್ಲ, ಎಲುಬಿಲ್ಲ, ಬರೇ ಕೆಸರು ಇಳೀತಿತ್ತು.

ಹಂಗಾದ್ರ ಈ ಎರಡು ಚೀಲದ ನಡುವ ಎಷ್ಟು?
ಹತ್ತು ಫೂಟಂತ ನನ್ನ ರಜಿಸ್ಟರು ಹೇಳ್ತದ.
ಮೇಡಂ ನಕ್ಕರು: ಕೋಟಿಗಟ್ಟಲೆ ವರ್ಷ ಕಾಣಿಯಾಗ್ಯಾವ ಇಲ್ಲಿ.
ಬಂದಿದ್ದವು. ಗಾಳಿ ಮಳಿ ಒಯ್ದವೋ,
ಇಲ್ಲಾ ಏನೂ ಕೂಡಿಡಲೇ ಇಲ್ಲೋ.
ಅವಕ್ಕ ಚೀಲ ಇಲ್ಲ.

ನನ್ನ ಸರ್ವಿಸ್ ಬುಕ್ಕಿನಾಗೂ ಹಂಗೇ ಅದ.
ದಿನಗೂಲಿ ಹನ್ನೊಂದು ವರ್ಷ, ಎಲ್ಲೂ ಬರೆದಿಲ್ಲ.
ಒಂದು ಪುಟದಾಗ ಹುಟ್ಟಿದ ತಾರೀಖು,
ಮುಂದಿನ ಪುಟದಾಗ ಕಾಯಂ.

ಮೇಡಂ ಬಾಟ್ಲಿ ತೆಗೆದು ಒಂದು ಹನಿ ಆಸಿಡ್
ಫರ್ಸಿ ಚೂರಿನ ಮ್ಯಾಲ ಬಿಟ್ಟರು.
ಬುಸ್ ಅಂತು. ಸಣ್ಣ ಸಣ್ಣ ಗುಳ್ಳಿ.
ಆ ಕಾಲದ ಗಾಳಿ ಇದು, ಕಡಲು ಹಿಡಿದು
ಕಲ್ಲಿನಾಗ ಮುಚ್ಚಿಟ್ಟಿದ್ದು, ಈಗ ಹೊರಗ ಬಂತು, ಅಂದರು.
ಬಗ್ಗಿ ಮೂಸಿದೆ. ಆಸಿಡ್ಡಿನ ಘಾಟು ಬಿಟ್ಟು ಏನೂ ಇಲ್ಲ.
ತಲಿ ಎತ್ತಿದರ ಹೊಲದ ಆಚೆ ಸಿಮೆಂಟ್ ಫ್ಯಾಕ್ಟರಿ ಚಿಮಣಿ,
ಅಲ್ಲೂ ಇದೇ ಕಲ್ಲು, ಆಸಿಡ್ ಬದಲಿ ಬೆಂಕಿ,
ಹನಿ ಬದಲಿ ಹಗಲು ರಾತ್ರಿ.
ನನ್ನ ತಮ್ಮ ಅಲ್ಲೇ ಸೆಕೆಂಡ್ ಶಿಫ್ಟು.
ಇಬ್ಬರೂ ಏನೂ ಅನ್ನಲಿಲ್ಲ.

ನೂರಾ ಹನ್ನೆರಡಕ್ಕ ನೀರು.
ಕಲ್ಲಿನ ಸಂದ್ಯಾಗ ಕುಂತಿದ್ದದ್ದು ಹಾಲಿನಂಗ ಚಿಮ್ಮಿ
ರಿಗ್ಗಿನ ಹುಡುಗರ ಅಂಗಿ, ಮೇಡಂ ಚಷ್ಮಾ,
ನನ್ನ ಚೀಟಿ ಎಲ್ಲಾ ತೋಯಿಸ್ತು.

ಗುಂಡಮ್ಮಾಯಿ ಎದ್ದು ಬಂದಳು.
ಇದಕ್ಕ ಕೀಲಿ ಹಾಕ್ತೀವಿ ಆಯಿ, ತಿಂಗಳಿಗೊಮ್ಮೆ
ಟೇಪು ಬಿಟ್ಟು ಎಷ್ಟು ಇಳೀತು ನೋಡ್ತೀವಿ.
“ನೋಡಿ?”
ಬರಕೋತೀವಿ.
“ಬರಕೋ,” ಅಂದು ಕೊಡ ಒಡ್ಡಿದಳು.
ನಿಲ್ಲಸು ಅನ್ನಲಾಕ ಮೇಡಂಗೂ ಬಾಯಿ ಬರಲಿಲ್ಲ.

ಬಿಳಿ ನೀರು ಹೊತ್ತು ಹೋಗ್ಯಾಳ.
ರಾತ್ರಿ ಸಪ್ಪಳಿಲ್ಲದ ಮನ್ಯಾಗ
ಕೊಡದ ತಳಕ್ಕ ಒಂದೊಂದೇ ಕಣ ಇಳಿದು
ಮುಂಜಾನಿಗೆ ಉಗುರಿನಷ್ಟು ದಪ್ಪ ಕುಂತಿರ್ತದ.
ಮ್ಯಾಲಿನ ತಿಳಿ ಬಸಿದು ಎಸರಿಗಿಟ್ಟು
ತಳಾ ತೊಳೆದು ಅಂಗಳಕ್ಕ ಚೆಲ್ತಾಳ.