ಮಾರ್ಚ್ ತಿಂಗಳ ನೀರು

"ದೊಡ್ಡದೇ ತನ್ನಿ," ಅಂದರು ಮುದ್ದವ್ವ,
"ಆಚೆ ಮನೆ ಬೋಪಯ್ಯ ತಂದದ್ದಕ್ಕಿಂತ ದೊಡ್ಡದು."
ಬೋಪಯ್ಯನ ಟರ್ಬೈನು ನೋಡಿಯೇ ಬಂದಿದ್ದೆ.
ಯಾವುದೋ ಮೇಳದಲ್ಲಿ ಕೊಂಡದ್ದು. ಹಸಿರು ಬಣ್ಣ.
ಐದು ಕಿಲೋವ್ಯಾಟ್ ಎಂದು ಹೊಟ್ಟೆಯ ಮೇಲೆ ಬರೆದಿದೆ.
ಈಗ ಅದರ ಮೇಲೊಂದು ಕೋಳಿ ಕಾವು ಕೂತಿದೆ.

ನಾನು ಬಕೆಟ್ ಕೇಳಿದೆ.
ಅವರಿಗೆ ನಗು. ಮಡಿಕೇರಿಯಿಂದ ಸೂರ್ಲಬ್ಬಿಗೆ
ಜೀಪು ಮಾಡಿಕೊಂಡು ಬಂದವನು ಬಕೆಟ್ ಕೇಳುತ್ತಾನೆ!

ತೋಡಿಗೆ ಅಡ್ಡ ಮಣ್ಣು ಕಟ್ಟಿ
ಇದ್ದಬದ್ದ ನೀರನ್ನೆಲ್ಲ ತುಂಡು ಪೈಪಿಗೆ ತಿರುಗಿಸಿ
ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟು ಕೆಳಗಿಟ್ಟು
ಗಡಿಯಾರ ನೋಡಿದೆ. ಐದು ಸೆಕೆಂಡಿಗೆ ತುಂಬಿತು.
ಚೆಲ್ಲಿ ಮತ್ತೆ ಇಟ್ಟೆ. ಮತ್ತೆ ಐದು.
ಮೂರನೆಯ ಸಲ ಒಂದು ಏಡಿ ಒಳಗೆ ಬಿತ್ತು,
ಆ ಲೆಕ್ಕ ಬಿಟ್ಟೆ.
ಸೆಕೆಂಡಿಗೆ ನಾಲ್ಕು ಲೀಟರು.

"ಇದೂ ಒಂದು ನೀರೇ? ಕಕ್ಕಡದಲ್ಲಿ ಬನ್ನಿ,
ಈ ಬಂಡೆಯೇ ಕಾಣುವುದಿಲ್ಲ.
ಹೋದ ವರ್ಷ ನಮ್ಮ ಕರುವನ್ನೇ ಕೊಂಡುಹೋಯಿತು."
ನಿಜ ಮುದ್ದವ್ವ. ಆದರೆ ಕಕ್ಕಡದ ನೀರು ನೆಂಟ,
ಉಂಡು, ಗದ್ದಲ ಮಾಡಿ, ಹೇಳದೆ ಹೊರಟುಬಿಡುತ್ತಾನೆ.
ಮನೆಯಲ್ಲಿ ಉಳಿಯುವುದು ಮಾರ್ಚ್ ತಿಂಗಳ ನೀರು.
ಅಳತೆ ತೆಗೆಯಬೇಕಾದದ್ದು ಇದರ ಸೊಂಟಕ್ಕೆ.

ಇನ್ನು ಎತ್ತರ. ಉದ್ದ ಟ್ಯೂಬಿಗೆ ನೀರು ತುಂಬಿ
ಮೊಯ್ದು ಮೇಲೆ, ನಾನು ಕೆಳಗೆ.
ನೀರು ಸುಳ್ಳು ಹೇಳುವುದಿಲ್ಲ, ಗುಳ್ಳೆ ಹೇಳುತ್ತದೆ:
ಒಂದು ಒಳಗೆ ಸಿಕ್ಕಿಕೊಂಡರೆ ಗುಡ್ಡವೇ ಅಡಿ ಬೆಳೆಯುತ್ತದೆ.
ಕೋಲಿನೆತ್ತರ, ಮತ್ತೆ ಕೋಲಿನೆತ್ತರ,
ಏಲಕ್ಕಿ ಹಿಂಡಿಲ ಸಂದಿಯಲ್ಲಿ ಜಾರುತ್ತ, ಬೈಯುತ್ತ,
ಒಂದೊಂದಕ್ಕೂ ಮೊಯ್ದುವಿನ ಜೇಬಿಗೆ ಒಂದು ಒಣ ಕಾಫಿ ಬೀಜ.
ಮನೆಯ ಹಿಂದಿನ ಒಗೆಯುವ ಕಲ್ಲಿನ ಮೇಲೆ ಜೇಬು ಸುರಿದ.
ಇಪ್ಪತ್ತು ಬೀಜ. ಎರಡೆರಡು ಮೀಟರ್. ನಲವತ್ತು.

ಹಸಿರು ಯಂತ್ರ ಹುಟ್ಟಿದ್ದೇ ಬೇರೆ ಹೊಳೆಗೆ,
ಅಗಲಕ್ಕೆ ಹರಿದು ಆಳೆತ್ತರವಷ್ಟೇ ಬೀಳುವ ಹೊಳೆಗೆ.
ಇಲ್ಲಿ ನೀರು ತೆಳು, ಗುಡ್ಡ ಕಡಿದು.
ಇದಕ್ಕೆ ಪೆಲ್ಟನ್ ಚಕ್ರ:
ಗೇಣಗಲದ ಗಾಲಿ, ಸುತ್ತಲೂ ಜೋಡಿ ಬಟ್ಟಲು,
ಕಿರುಬೆರಳು ದಪ್ಪದ ಮೂತಿಯಿಂದ ನೀರು ಚಿಮ್ಮಿ
ಬಟ್ಟಲು ಬಟ್ಟಲಿಗೂ ಬಡಿದು
ತನ್ನ ಓಟವನ್ನೆಲ್ಲ ಅಲ್ಲೇ ಒಪ್ಪಿಸಿ
ಸುಸ್ತಾಗಿ ಕೆಳಗೆ ಬೀಳಬೇಕು.
ಬಿದ್ದ ಮೇಲೂ ಓಡುತ್ತಿದ್ದರೆ
ಆರಿಸಿದವನು ದಡ್ಡ.

ಕಾಗದದ ಮೇಲೆ ಗುಣಿಸಿದೆ. ಸಾವಿರದ ಐನೂರ ಚಿಲ್ಲರೆ.
ಪೈಪಿನ ಉಜ್ಜಾಟಕ್ಕೆ ಕಳೆದೆ, ಬೇರಿಂಗಿಗೆ, ಜನರೇಟರಿಗೆ,
ನನ್ನ ಕೈಯ ತಪ್ಪಿಗೂ ಒಂದಿಷ್ಟು.
"ಎಂಟುನೂರು ವ್ಯಾಟ್," ಅಂದೆ.
ಅವರು ಫ್ರೀಜರಿನ ಕಡೆ ನೋಡಿದರು.
ಸುಂಟಿಕೊಪ್ಪದಿಂದ ತಂದದ್ದು, ಪ್ಲಾಸ್ಟಿಕ್ ಬಿಚ್ಚಿಲ್ಲ,
ಪಂದಿ ಮಾಂಸಕ್ಕೆಂದು. ಸದ್ಯಕ್ಕೆ ಒಳಗೆ ಕಂಬಳಿ.

ಬೇಲಿಯಾಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಚೀಯಣ್ಣ
ಒಂದೇ ಮಾತು ಕೇಳಿದರು:
"ಮೇಲೆ ಪೈಪಿಗೆ ಹೋದ ನೀರು ತೋಡಿಗೆ ಮರಳುವುದು ಎಲ್ಲಿ?"
ತೋರಿಸಿದೆ. ಅವರ ಗದ್ದೆ ದಾಟಿ, ತಿರುವಿನಾಚೆ.
"ಸರಿ. ನಡುವೆ ನನ್ನ ಎಮ್ಮೆ ಏನು ಕುಡಿಯಬೇಕು?"

ನನ್ನ ಸೂತ್ರದಲ್ಲಿ ಎಮ್ಮೆ ಇರಲಿಲ್ಲ.
ಏಡಿಯನ್ನೂ ಬಿಟ್ಟಿದ್ದೆನಲ್ಲ.
ನಾಲ್ಕನ್ನು ಹೊಡೆದು ಮೂರು ಬರೆದೆ.
ಎಂಟುನೂರು ಆರುನೂರಾಯಿತು.
ಫ್ರೀಜರು ಓಡುತ್ತದೆ, ಮಿಕ್ಸಿ ತಿರುಗಿಸುವಾಗ ಮಾತ್ರ ಆರಿಸಬೇಕು.

ಮುದ್ದವ್ವ ಬಹಳ ಹೊತ್ತು ಮಾತಾಡಲಿಲ್ಲ.
ಒಳಗೆ ಹೋಗಿ ಕಾಫಿ ತಂದರು, ಚೀಯಣ್ಣನಿಗೂ ಒಂದು ಲೋಟ.
"ಸಣ್ಣದೇ ತನ್ನಿ," ಅಂದರು,
"ಆದರೆ ಹಸಿರು ಬಣ್ಣ ಹೊಡೆಸಿ."

ಜೀಪು ಹತ್ತಿದ ಮೇಲೆ ಮೊಯ್ದು ಜೇಬು ತಡಕಿ
ಇನ್ನೊಂದು ಬೀಜ ತೆಗೆದ. ಇಪ್ಪತ್ತೊಂದನೆಯದು.
ಹೊಲಿಗೆಯಲ್ಲಿ ಸಿಕ್ಕಿಕೊಂಡಿತ್ತೋ,
ಎಣಿಸದೆ ಜೇಬಿಗೆ ಬಿದ್ದದ್ದೋ, ಅವನಿಗೂ ಗೊತ್ತಿಲ್ಲ.
ಎರಡು ಮೀಟರ್ ಗುಡ್ಡ ನನ್ನ ಅಂಗೈಯಲ್ಲಿ.
ಲೆಕ್ಕಕ್ಕೆ ಸೇರಿಸಲಿಲ್ಲ.
ಬಾಯಿಗೆ ಹಾಕಿ ಕಡಿದೆ. ಹುರಿಯದ್ದು,
ಕಲ್ಲಿನಷ್ಟು ಗಟ್ಟಿ.