ನೀಲಿಯಾಗದ ಸಾಲು

ಕಾಸ್ತ್ರೋ ಊರಿನ ಆಸ್ಪತ್ರೆ, ಎರಡನೇ ಮಹಡಿ,
ರಕ್ತದ ವರದಿ ಕಳಿಸುವ ಮೇಜು ನನ್ನದು.
ಚಿಲೋಯೆಯ ಪಕ್ಕ ಚೂರುಚೂರು ದ್ವೀಪಗಳು,
ಒಂದೊಂದರಲ್ಲೂ ಒಂದು ಮರದ ಚರ್ಚು, ಒಂದು ಜೆಟ್ಟಿ,
ಯಾರದೋ ಸಕ್ಕರೆ ಕಾಯಿಲೆ.
ದಿನಕ್ಕೆ ನಲವತ್ತು ಇಮೇಲು. ಒಂದೇ ಒಕ್ಕಣೆ:
ತಮ್ಮ ವರದಿ ಸಿದ್ಧವಾಗಿದೆ, ಇಲ್ಲಿ ಒತ್ತಿ.
ಆಮೇಲೆ ವಿಳಾಸ, ಎಂಬತ್ತಮೂರು ಅಕ್ಷರ.
ಕೊನೆಗೊಂದು ಚುಕ್ಕಿ.

ಚುಕ್ಕಿ ಅಮ್ಮನದು.
ಲೆಮುಯ್ ದ್ವೀಪದ ಶಾಲೆಯಲ್ಲಿ ಟೀಚರು ಆಕೆ.
ವಾಕ್ಯ ಮುಗಿಸದವರು ಬಾಗಿಲು ಹಾಕದೆ ಹೋದವರು,
ಮನೆಯೊಳಗೆ ಗಾಳಿ ನುಗ್ಗಿದರೆ ಅವರದೇ ಹೊಣೆ
ಅನ್ನುತ್ತಿದ್ದಳು, ಅಂಗೈಗೆ ಅಡಿಕೋಲು ಬಿಗಿಯುತ್ತ.
ಅದಕ್ಕೇ ನಾನು, ಎದುವೀನಾ ಬಾರ್ರಿಯಾ,
ಐವತ್ತೆರಡಾದರೂ
ಸಾಮಾನು ಚೀಟಿಗೂ ಚುಕ್ಕಿ ಇಡುವವಳು.

ಸೋಮವಾರ ಬಂದ ಎರಿಬೆರ್ತೋ ನಹುಯೆಲ್ಕಿನ್,
ಕೆಹುಯ್ ದ್ವೀಪದಿಂದ, ದೋಣಿ ಹತ್ತಿ,
ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ನನ್ನದೇ ಪತ್ರ,
ಯಾರ ಕೈಲೋ ಪ್ರಿಂಟು ತೆಗೆಸಿದ್ದು.
"ಒತ್ತಿದೆ ತಾಯಿ, ಬೆರಳು ನೋಯುವಷ್ಟು ಒತ್ತಿದೆ.
ಫೋನಿನಲ್ಲಿ ಒತ್ತಿದೆ. ಕಾಗದದ ಮೇಲೂ ಒತ್ತಿದೆ,
ಏನೂ ಆಗೋದಿಲ್ಲ ಅಂತ ಗೊತ್ತಿದ್ದೂ."
ವಿಳಾಸದ ಮೇಲೆ ಅವನ ಹೆಬ್ಬೆಟ್ಟು,
ಚಿಪ್ಪು ಬಿಡಿಸಿದ ಕಪ್ಪು.

ಬೇರೆಯವರದು ನೀಲಿ ಇರುತ್ತದಂತೆ, ಅಡಿಗೆರೆ ಸಮೇತ:
ಕರೆಂಟು ಆಫೀಸಿನವರದು, ಬ್ಯಾಂಕಿನವರದು,
ಲಾಟರಿ ಗೆದ್ದಿದ್ದೀರಿ ಅನ್ನುವ ಕಳ್ಳರದು ಕೂಡ.
"ಕಳ್ಳರದು ತಾಕಿದರೆ ಸಾಕು, ಬಾಯಿ ಬಿಡುತ್ತೆ.
ಆಸ್ಪತ್ರೆಯದು ಮಾತ್ರ
ದಡಕ್ಕೆ ಬಿದ್ದ ಮೀನು."

ಹಾಗಾಗಿ ನೋಟುಬುಕ್ಕಿಗೆ ಇಳಿಸಿಕೊಂಡಿದ್ದ,
ಎಂಬತ್ತಮೂರನ್ನೂ, ಚೌಕಕ್ಕೊಂದರಂತೆ,
ಬಲೆಯ ಕಣ್ಣು ಹೆಣೆಯುವವನ ತಾಳ್ಮೆಯಲ್ಲಿ.
ಸೊನ್ನೆಯೋ, ಓ ಅಕ್ಷರವೋ? ಒಂದೋ, ಎಲ್ ಅಕ್ಷರವೋ?
ಅನುಮಾನ ಬಂದಲ್ಲಿ ಎರಡನ್ನೂ ಬರೆದು ಪ್ರಶ್ನೆಚಿಹ್ನೆ.
ಆರು ಪ್ರಶ್ನೆಚಿಹ್ನೆ, ಅಂದರೆ ಅರವತ್ತನಾಲ್ಕು ಬೀಗದ ಕೈ.
ಹನ್ನೊಂದು ಸಂಜೆ ಒಂದೊಂದನ್ನೇ ತಿರುವಿ ನೋಡಿದ್ದ.
ಪ್ರತಿ ಸಲವೂ, ಮರೆಯದೆ,
ಕೊನೆಯ ಚುಕ್ಕಿ ಸಹಿತ.

ಪ್ರಿಂಟು ಕೊಡುತ್ತೇನೆ ಅಂದೆ. ತಲೆಯಾಡಿಸಿದ.
"ಒತ್ತಿ ಅಂತ ಬರೆದವರು ನೀವು.
ಒತ್ತಿದರೆ ತೆರೆಯೋ ಹಾಗೆ ಮಾಡಿ.
ಎದೆಲ್ಮೀರಾಗೆ ಮುಂದಿನ ತಿಂಗಳೂ ಪರೀಕ್ಷೆ ಇದೆ,
ಅದರಾಚೆಯ ತಿಂಗಳೂ.
ಪ್ರತಿ ಸಲ ದೋಣಿ ಹತ್ತೋಕೆ ಆಗೋಲ್ಲ."
ಹೆಂಡತಿಗೆ ಏನೆಂದು ನಾನು ಕೇಳಲಿಲ್ಲ.

ತರಬೇತಿಗೆ ಬಂದ ಹುಡುಗಿ ಯಾಸ್ನಾ ಇಣುಕಿದಳು:
"ಮೇಡಂ, ಇದಕ್ಕೆ ತಲೆಯೇ ಇಲ್ಲ!
ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಇದು ವಿಳಾಸ ಅಂತ
ಯಂತ್ರಕ್ಕೆ ಹೇಗೆ ಹೊಳೆಯಬೇಕು?"
ಎಂಟು ಗುರುತು ಕೂಡಿಸಿ ಮತ್ತೆ ಕಳಿಸಿದೆ.
ಅವನ ಅಂಗೈಯಲ್ಲಿ ಸಾಲು ನೀಲಿಯಾಯಿತು.
ಎರಿಬೆರ್ತೋ ಟೋಪಿ ತೆಗೆದ, ಒತ್ತಿದ.
ಪುಟ ಸಿಗಲಿಲ್ಲ.

ಯಾಸ್ನಾ ಎರಡು ಬೆರಳಲ್ಲಿ ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು,
ಸಾಲಿನ ಬಾಲ ಪರದೆ ತುಂಬುವವರೆಗೆ.
ಚುಕ್ಕಿಯೂ ನೀಲಿ.
ಯಾವ ಕೊಂಡಿಯಾದರೇನು, ವಿಷ ತುದಿಯಲ್ಲೇ.

ಮೂರು ವರ್ಷ. ದಿನಕ್ಕೆ ನಲವತ್ತು.
ಗುಣಿಸಲು ಹೋಗಿ ಬಿಟ್ಟೆ.
ಎಷ್ಟು ಜನ ದೋಣಿ ಹತ್ತಿದರೋ,
ಎಷ್ಟು ಜನ, ಹೋಗಲಿ ಬಿಡು, ಚೆನ್ನಾಗಿಯೇ ಇರಬೇಕು ಎಂದುಕೊಂಡು
ಆಲೂಗಡ್ಡೆ ಅಗೆಯಲು ಹೋದರೋ.
ಅಷ್ಟು ಬಾಗಿಲನ್ನು
ಎಂಥ ಶಿಸ್ತಿನಲ್ಲಿ ಹಾಕಿಕೊಂಡು ಬಂದಿದ್ದೆ ನಾನು.

ತೆರೆಯಿತು. ನಿಂತೇ ಓದಿದ,
ತುಟಿ ಅಲ್ಲಾಡಿಸುತ್ತ, ಅಂಕಿ ಅಂಕಿಗೂ ತಡೆದು.
ಮುಖ ನೋಡಿ ಏನೂ ತಿಳಿಯಲಿಲ್ಲ.
ನನ್ನ ಪೆನ್ನು ಕೇಳಿ ಇಸಕೊಂಡು
ನೋಟುಬುಕ್ಕಿನ ಕೊನೆಯ ಚೌಕದ ಚುಕ್ಕಿಯನ್ನು
ಗೀಚಿ ಹೊಡೆದುಹಾಕಿದ,
ಮೂರು ಗಂಟೆಯ ದೋಣಿಗೆ ಇಳಿದು ಹೋದ.
ಪೆನ್ನು ಅವನ ಜೇಬಿನಲ್ಲೇ ಹೋಯಿತು.

ಸಂಜೆಯ ಪತ್ರಗಳು ಇನ್ನೂ ಬಾಕಿ.
ಪ್ರತಿ ಸಲ ಬೆರಳು ಆ ಕೀಲಿಯತ್ತ ಜಾರುತ್ತದೆ,
ಅಂಗೈ ಚುರುಕ್ಕೆನ್ನುತ್ತದೆ.
ಗಾಳಿ ನುಗ್ಗಿದರೆ ನುಗ್ಗಲಿ ಅಮ್ಮಾ, ಹೊಣೆ ನನ್ನದೇ
ತಮ್ಮ ವರದಿ ಸಿದ್ಧವಾಗಿದೆ, ಇಲ್ಲಿ ಒತ್ತಿ